ಬಿಚ್ಚದೆ ಎಳೆದ ಫ್ಲಾಪಿ

ಹನ್ನೊಂದು ಶನಿವಾರ ನಾನು ಫ್ಲಾಪಿಯನ್ನು ಅನ್‌ಮೌಂಟ್ ಮಾಡದೆ, ಅಂದರೆ ಕಂಪ್ಯೂಟರಿನ ಕೊಂಡಿ ಬಿಚ್ಚದೆ, ಹೊರಗೆ ಎಳೆದೆ. ಹನ್ನೊಂದು ಶನಿವಾರವೂ ವಹಿಯಲ್ಲಿ ಮಾಡಿದ್ದೇನೆಂದು ಟಿಕ್ಕು ಹಾಕಿದೆ. ಆ ಫ್ಲಾಪಿಗಳಲ್ಲಿ ಏನೂ ಉಳಿದಿಲ್ಲವೆಂದು ಗೊತ್ತಾದ ದಿನ ನನ್ನ ತಂಗಿ ನೇರವಾಗಿ ಕೇಳಿದಳು. ನಾನು ಸುಳ್ಳು ಹೇಳಿದೆ. ಅವಳು ನಂಬಿದಳು, ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಳು. ನಾನು ಬಾಯಿ ಮುಚ್ಚಿಕೊಂಡು ನಿಂತೆ.

ಏಳನೇ ಇಯತ್ತೆ ಓದಿದ ಹೆಂಗಸಿಗೆ ಕಂಪ್ಯೂಟರ್ ಏನು ಗೊತ್ತು ಪಾಪ, ಎಂದು ಯಾರೂ ನನ್ನ ಪರವಾಗಿ ಮಾತಾಡಬೇಕಾಗಿಲ್ಲ. ಆ ಪಾಪದ ನೆರಳಿನಲ್ಲಿ ಒಮ್ಮೆ ಕೂತು ನೋಡಿದ್ದೇನೆ. ಅಲ್ಲಿ ತಂಪಾಗಿರುತ್ತದೆ, ಆದರೆ ಮನುಷ್ಯ ಅಲ್ಲಿ ಕೂತಷ್ಟು ಹೊತ್ತು ಕುಳ್ಳನಾಗುತ್ತಾ ಹೋಗುತ್ತಾನೆ. ನನಗೆ ಗೊತ್ತಿತ್ತು. ಏನು ಮಾಡಬೇಕೆಂದು ಗೊತ್ತಿತ್ತು, ಮರೆತರೆ ಯಾರನ್ನು ಕೇಳಬೇಕೆಂದೂ ಗೊತ್ತಿತ್ತು. ಕೇಳಲಿಲ್ಲ. ಅದಕ್ಕೆ ಓದು ಬರಹ ಕಾರಣವಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಘಾಟ್ಕೋಪರಿನ ಗುಡ್ಡದ ಬದಿಯ ಚಾಳಿನಲ್ಲಿ ನಮ್ಮ ಖೋಲಿ. ಅಪ್ಪ ವಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವರು ತೀರಿಕೊಂಡಾಗ ನಾನು ಮುನ್ಸಿಪಾಲ್ಟಿಯ ಕನ್ನಡ ಶಾಲೆ ಬಿಟ್ಟು ಅವ್ವನ ಜೊತೆ ಮನೆಗೆಲಸಕ್ಕೆ ಹೋದೆ. ತಂಗಿ ಓದಿದಳು. ಬಿ.ಎಸ್ಸಿ. ಮುಗಿಸಿ, ಫೋರ್ಟಿನ ಒಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಹಿಡಿದಳು. ಅವಳಿಗಾಗಿ ತ್ಯಾಗ ಮಾಡಿದೆ ಎಂದು ನಾನು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಮನಸ್ಸಿನಲ್ಲಿ ಮಾತ್ರ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದೆ.

ನನಗೆ ಸಯನ್ ಸ್ಟೇಷನ್ನಿನ ಹತ್ತಿರದ ಒಂದು ಕನ್ನಡ ಸಂಘದಲ್ಲಿ ಕೆಲಸ ಸಿಕ್ಕಿತ್ತು. ಸಂಘವೆಂದರೆ ಒಂದು ಬಿಲ್ಡಿಂಗಿನ ನೆಲಮಾಳಿಗೆಯ ಒಂದೇ ಕೋಣೆ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಚಹಾ ಮಾಡುವುದು, ಫೋನ್ ಎತ್ತುವುದು ನನ್ನ ಕೆಲಸ. ಅದಕ್ಕಿಂತ ದೊಡ್ಡ ಕೆಲಸ ರಕ್ತದ ರಿಜಿಸ್ಟರಿನದು. ಹತ್ತಿರದಲ್ಲೇ ದೊಡ್ಡ ಆಸ್ಪತ್ರೆ. ಊರಕಡೆಯಿಂದ ರೋಗಿಯನ್ನು ಕರೆದುಕೊಂಡು ಬಂದವರಿಗೆ ಅಲ್ಲಿ ರಕ್ತ ತನ್ನಿ ಎನ್ನುತ್ತಿದ್ದರು. ಹಿಂದಿ ಬಾರದ, ಮುಂಬಯಿಯಲ್ಲಿ ಯಾರೂ ಇಲ್ಲದ ಆ ಜನ ನಮ್ಮ ಬಾಗಿಲಿಗೆ ಬರುತ್ತಿದ್ದರು. ರಕ್ತ ಕೊಡಲು ಒಪ್ಪಿದ ಕನ್ನಡಿಗರ ಹೆಸರು, ಗುಂಪು, ಬಿಲ್ಡಿಂಗು, ಫೋನ್ ನಂಬರು ಆ ರಿಜಿಸ್ಟರಿನಲ್ಲಿತ್ತು. ಸ್ವಂತ ಫೋನ್ ಇದ್ದವರು ಕಡಿಮೆ. ಹೆಚ್ಚಿನವು ಪಿ.ಪಿ. ನಂಬರುಗಳು: ಕೆಳಗಿನ ಕಿರಾಣಿ ಅಂಗಡಿಯದು, ಮೂರನೇ ಮಾಳಿಗೆಯ ಗುಜರಾತಿ ಬಾಯಿಯದು. ಅವು ಆರು ತಿಂಗಳಿಗೊಮ್ಮೆ ಬದಲಾಗುತ್ತಿದ್ದವು. ಹೊಡೆದು ಹಾಕಿ, ಪಕ್ಕದಲ್ಲಿ ಬರೆದು, ಮತ್ತೆ ಹೊಡೆದು ಹಾಕಿ, ಆ ರಿಜಿಸ್ಟರು ಓದಲು ಬಾರದಂತಾಗಿತ್ತು. ಓ ನೆಗೆಟಿವ್ ಹುಡುಕಲು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಾಡಿಸಬೇಕು. ಎದುರಿಗೆ ಕೂತವನು ನನ್ನ ಬೆರಳನ್ನೇ ನೋಡುತ್ತಿರುತ್ತಿದ್ದ.

ಆಗ ಒಂದು ಆಫೀಸಿನವರು ಹಳೆಯ ಕಂಪ್ಯೂಟರ್ ಒಂದನ್ನು ಸಂಘಕ್ಕೆ ದಾನ ಕೊಟ್ಟರು. ಕುಂಕುಮ ಹಚ್ಚಿ, ಪ್ಲಾಸ್ಟಿಕ್ ಹೊದಿಸಿ, ಎರಡು ತಿಂಗಳು ಹಾಗೇ ಇಟ್ಟರು. ಅದರಲ್ಲಿ ಹಾಕುವ ಪ್ರೋಗ್ರಾಮಿಗೆ ಕೇಳಿದ ಬೆಲೆ ಸಂಘಕ್ಕೆ ಆಗುವಂಥದ್ದಲ್ಲ. ತಂಗಿ ಒಂದು ಭಾನುವಾರ ಕಾರ್ಯದರ್ಶಿಯವರ ಮುಂದೆ ಬಂದು ನಿಂತಳು. ಕಾರ್ಯದರ್ಶಿಯವರು ಮೈಸೂರು ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ಇಸ್ತ್ರಿ ಮಾಡಿದ ಅಂಗಿ ಹಾಕದೆ ಸಂಘಕ್ಕೆ ಬಂದವರಲ್ಲ.

"ಲಿನಕ್ಸ್ ಅಂತ ಒಂದು ಬಂದೈತ್ರಿ ಸರ್. ಯಾರ ಬೇಕಾದ್ರೂ ಹಾಕ್ಕೋಬಹುದು. ಹೆಂಗ ಮಾಡ್ಯಾರ ಅನ್ನೋದನ್ನೂ ಬರದು ಜೊತಿಗೇ ಕೊಡ್ತಾರ. ತಪ್ಪಿದ್ರ ನಾವ ತಿದ್ದಬಹುದು."

"ಪುಕ್ಕಟೇನಾ?"

"ಪುಕ್ಕಟೆ."

"ನೋಡಮ್ಮಾ, ನಲವತ್ತು ವರ್ಷ ಬ್ಯಾಂಕಲ್ಲಿ ಕೂತಿದ್ದೀನಿ. ಪುಕ್ಕಟೆ ಸಿಗೋ ಪದಾರ್ಥಕ್ಕೆ ಬೆಲೆ ಇರಲ್ಲ."

"ನಮ್ಮ ಪಟ್ಟ್ಯಾಗಿನ ರಕ್ತಾನೂ ಪುಕ್ಕಟನ ಕೊಡ್ತಾರಲ್ರಿ ಸರ್. ಅದಕ್ಕೂ ಬೆಲಿ ಇಲ್ಲೇನ್ರಿ?"

ಸಂಘದ ಲೆಕ್ಕ ನೋಡುವ ಖಜಾಂಚಿ ಬಾಯಿ ಸೆರಗು ಅಡ್ಡ ಹಿಡಿದು ನಕ್ಕರು. ಅವರು ಮಂಗಳೂರು ಕಡೆಯವರು, ಮಾಟುಂಗಾದ ಒಂದು ಶಾಲೆಯಲ್ಲಿ ಟೀಚರು. ಕಾರ್ಯದರ್ಶಿಯವರು ನಗಲಿಲ್ಲ. ಇದನ್ನು ನಡೆಸುವವರು ಯಾರು ಎಂದು ಕೇಳಿದರು. ತಂಗಿ ನನ್ನ ಕಡೆ ಕೈ ತೋರಿಸಿದಳು.

"ನಿಮ್ಮಕ್ಕ ಚಹಾ ಚೆನ್ನಾಗಿ ಮಾಡ್ತಾರಮ್ಮ. ಅದನ್ನ ಮಾಡ್ಕೊಂಡಿರ್ಲಿ."

"ಹದಿನೇಳು ಮಂದಿ ಕಮಿಟಿಯವರಿಗೆ ಯಾರಿಗೆ ಎಷ್ಟು ಸಕ್ಕರಿ ಅಂತ ನೆನಪಿಟ್ಟಾಳ್ರಿ ಅಕ್ಕ. ಹತ್ತು ಕಮಾಂಡ್ ನೆನಪಿಡಾಕ ಆಗಂಗಿಲ್ಲೇನು?"

"ಹಾಳಾದ್ರೆ ಯಾರು ಜವಾಬ್ದಾರಿ?"

"ನಾನು."

"ಬರೆದು ಕೊಡ್ತೀಯಾ?"

ಅವಳು ಅಲ್ಲೇ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದಳು. ಒಂದು ವರ್ಷ ನೋಡುವುದು, ಅದುವರೆಗೆ ಪಟ್ಟಿಗೆ ಏನಾದರೂ ಅವಳೇ ಹೊಣೆ. ಆ ಸಹಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದನ್ನೂ ಮರೆಮಾಚುವುದಿಲ್ಲ.

ಅವಳ ಆಫೀಸಿನ ಒಬ್ಬರು ಎಲ್ಲಿಂದಲೋ ತರಿಸಿದ್ದ ಫ್ಲಾಪಿಗಳ ಕಟ್ಟನ್ನು ಅವಳು ಒಂದೊಂದಾಗಿ ನಕಲು ಮಾಡಿಕೊಂಡು ಬಂದಳು. ಒಂದಾದ ಮೇಲೆ ಒಂದು ಹಾಕುತ್ತಾ ಎರಡು ಭಾನುವಾರ ಹೋದವು. ನಡುವಿನ ಒಂದು ಫ್ಲಾಪಿ ಓದಲಾಗದೆ ಮತ್ತೆ ಫೋರ್ಟಿಗೆ ಓಡಿದಳು. ಕೊನೆಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದಾಗ, "ಅಕ್ಕಾ, ಕೂಡು" ಎಂದು ಕುರ್ಚಿಯಿಂದ ಎದ್ದು ನನ್ನನ್ನು ಕೂರಿಸಿದಳು. ಆ ಕೋಣೆಯಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

ನನಗಾಗಿ ಅವಳೊಂದು ವಹಿ ಬರೆದಳು. ಕಮಾಂಡು ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ, ಅದರ ಕೆಳಗೆ ಕನ್ನಡದಲ್ಲಿ ಅರ್ಥ. ಇವತ್ತಿಗೂ ಈ ಜಾತಿಯ ಕಂಪ್ಯೂಟರ್ ಹಿಡಿಯುವವರಿಗೆ ಆ ವಹಿಯಲ್ಲಿದ್ದ ಮಾತು ಸಾಕು. ಸಣ್ಣ ಅಕ್ಷರ ಬೇರೆ, ದೊಡ್ಡ ಅಕ್ಷರ ಬೇರೆ ಎಂದು ಮೊದಲ ಪುಟದಲ್ಲೇ ಇತ್ತು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಒಂದು ವಾರ ಒಂದೇ ಹೆಸರಿನ ಎರಡು ಪಟ್ಟಿ ಮಾಡಿ, ಒಂದು ದಿನ ಅದರಲ್ಲಿ ಒಂದು ದಿನ ಇದರಲ್ಲಿ ಹೆಸರು ತುಂಬಿಸಿದ್ದೆ. ಪಟ್ಟಿಯ ಹೆಸರಿನ ನಡುವೆ ಜಾಗ ಬಿಡಬೇಡ. ರೂಟ್ ಎಂಬ ಯಜಮಾನನ ಹೆಸರಿನಲ್ಲಿ ಒಳಗೆ ಹೋಗಬೇಡ, ಅವನಿಗೆ ಮನೆ ಕೆಡವುವ ಅಧಿಕಾರವೂ ಇರುತ್ತದೆ. ದಿನದ ಕೆಲಸಕ್ಕೆ ನಿನ್ನ ಹೆಸರೇ ಸಾಕು. ಅಳಿಸಿದ್ದು ಹೋಯಿತು, ಹುಡುಕಲು ಕಸದ ಡಬ್ಬಿ ಇಲ್ಲ. ಅದಕ್ಕೇ ಅಳಿಸುವ ಮೊದಲು ಅದೇ ಹೆಸರು ಹೊಡೆದು ಏನೇನು ಬರುತ್ತದೆ ನೋಡು. ಸ್ವಿಚ್ ಆರಿಸುವ ಮೊದಲು ಅದಕ್ಕೆ ಹೇಳು, ಅದು ಆಯಿತು ಅನ್ನುವವರೆಗೆ ಕಾಯಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟ್ಯಾಬ್ ಗುಂಡಿ. ಹೆಸರಿನ ಮೊದಲ ಮೂರು ಅಕ್ಷರ ಹೊಡೆದು ಅದನ್ನು ಒತ್ತಿದರೆ ಉಳಿದದ್ದನ್ನು ಅದೇ ಬರೆದುಕೊಳ್ಳುತ್ತಿತ್ತು. ಸ್ಪೆಲ್ಲಿಂಗ್ ಬಾರದವಳಿಗೆ ಇನ್ನೇನು ಬೇಕು? ಮೇಲಿನ ಬಾಣ ಒತ್ತಿದರೆ ನಿನ್ನೆ ಹೊಡೆದದ್ದು ಮತ್ತೆ ಬರುತ್ತಿತ್ತು. ಓದಿದವರು ಓದಿದವರಿಗಾಗಿ ಮಾಡಿದ್ದು ಎಂದು ಹೆದರಿದ್ದ ಯಂತ್ರ, ನನ್ನಂಥವಳ ಕೈ ಹಿಡಿದು ನಡೆಸುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ರಿಜಿಸ್ಟರಿನ ಹೆಸರೆಲ್ಲ ಒಳಗೆ ಹೋದವು. ಹೊಸಬರನ್ನೂ, ಬದಲಾದ ನಂಬರುಗಳನ್ನೂ ಕಂಪ್ಯೂಟರಿಗೆ ಮಾತ್ರ ಹಾಕತೊಡಗಿದೆ. ಕಾಗದದ ರಿಜಿಸ್ಟರು ಬೀರುವಿನ ತಳಕ್ಕೆ ಹೋಯಿತು.

ಒಂದು ಮಧ್ಯಾಹ್ನ ಬಾಗಲಕೋಟೆಯ ಕಡೆಯವನೊಬ್ಬ ಬಂದ. ಹೆಂಡತಿಯ ಆಪರೇಷನ್ನು, ಓ ನೆಗೆಟಿವ್ ಬೇಕು. ನಾನು ಒಂದು ಸಾಲು ಹೊಡೆದೆ. ನಾಲ್ಕು ಹೆಸರು ಬಂದವು. ಒಬ್ಬ ಬೈಕುಲ್ಲಾದ ವರ್ಕ್‌ಶಾಪಿನವನು; ಪಕ್ಕದ ಹೋಟೆಲಿನ ನಂಬರಿಗೆ ಫೋನ್ ಮಾಡಿದರೆ, ಕೈಗೆ ಹತ್ತಿದ್ದ ಗ್ರೀಸನ್ನೂ ತೊಳೆಯದೆ ಲೋಕಲ್ ಹತ್ತಿ ಬಂದ. ಕಾರ್ಯದರ್ಶಿಯವರು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. "ಪರವಾಗಿಲ್ವೇ" ಎಂದರು. ಆ ಒಂದು ಮಾತು ಕೇಳಿ ನನ್ನ ತಲೆ ತಿರುಗಿತು. ಸರಿಯಾಗಿ ಹೇಳಬೇಕೆಂದರೆ, ತಪ್ಪು ಶುರುವಾದದ್ದು ಅಲ್ಲಿಂದ.

ಶನಿವಾರ ಪಟ್ಟಿಯ ಎರಡು ನಕಲು ತೆಗೆಯಬೇಕಿತ್ತು. ಒಂದು ಫ್ಲಾಪಿ ಸಂಘದ ಬೀರುವಿಗೆ, ಇನ್ನೊಂದು ನಮ್ಮ ಮನೆಗೆ. ಪ್ರತಿ ವಾರ ಅವೇ ಎರಡರ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು. ವಹಿಯಲ್ಲಿ ತಂಗಿ ನಾಲ್ಕು ಮೆಟ್ಟಿಲು ಬರೆದು, ಪ್ರತಿ ಶನಿವಾರಕ್ಕೂ ನಾಲ್ಕು ಚೌಕ ಎಳೆದುಕೊಟ್ಟಿದ್ದಳು: ಫ್ಲಾಪಿ ಹಾಕಿ ಮೌಂಟ್ ಮಾಡು, ಅಂದರೆ ಕೊಂಡಿ ಹಾಕು, ನಕಲು ಮಾಡು, ಅನ್‌ಮೌಂಟ್ ಮಾಡು, ಅಂದರೆ ಕೊಂಡಿ ಬಿಚ್ಚು, ಆಮೇಲೆ ಹೊರಗೆ ತೆಗೆ. ಕೆಳಗೆ ಕೆಂಪು ಶಾಯಿಯಲ್ಲಿ ಹೀಗೆ ಬರೆದಿದ್ದಳು: ನೀನು ಬರೆ ಅಂದ ಕೂಡಲೇ ಇದು ಫ್ಲಾಪಿಯ ಮೇಲೆ ಬರೆಯುವುದಿಲ್ಲ, ತನ್ನ ತಲೆಯಲ್ಲಿ ಇಟ್ಟುಕೊಂಡಿರುತ್ತದೆ. ಕೊಂಡಿ ಬಿಚ್ಚಿದಾಗ ಎಲ್ಲವನ್ನೂ ಬರೆದು ಮುಗಿಸುತ್ತದೆ. ಬಿಚ್ಚದೆ ಎಳೆದರೆ ಬರೆದದ್ದಕ್ಕೆ ನಂಬಿಕೆ ಇಲ್ಲ.

ಇದಕ್ಕಿಂತ ಸ್ಪಷ್ಟವಾಗಿ ಯಾರಿಂದ ಬರೆಯಲಿಕ್ಕಾಗುತ್ತದೆ?

ಆದರೆ ನನಗೆ ಒಂದು ಚಟ ಹತ್ತಿತ್ತು. ನಕಲು ಮಾಡಿದ ಮೇಲೆ ಫ್ಲಾಪಿಯ ಒಳಗೆ ಹೋಗಿ, ಹೆಸರುಗಳು ಬಂದಿವೆಯೇ ಎಂದು ನೋಡುವುದು. ವಹಿಯಲ್ಲಿ ಹಾಗೆ ಇರಲಿಲ್ಲ, ನಾನೇ ಕಲಿತದ್ದು. ಒಳಗೆ ನಿಂತುಕೊಂಡೇ ಬಿಚ್ಚು ಎಂದರೆ ಅದು ಬಿಚ್ಚುತ್ತಿರಲಿಲ್ಲ. ಡಿವೈಸ್ ಈಸ್ ಬಿಜಿ ಎನ್ನುತ್ತಿತ್ತು. ಮೊದಲ ಸಲ ತಂಗಿಯ ಆಫೀಸಿಗೆ ಫೋನ್ ಮಾಡಿದೆ.

"ನೀ ಒಳಗ ಕುಂತೀಯಲ್ಲ, ಅದಕ್ಕ. ಖೋಲ್ಯಾಗ ಮನಷ್ಯಾ ಇದ್ರ ಹೊರಗಿಂದ ಕೀಲಿ ಹಾಕ್ತಾರೇನು? ಸಿಡಿ ಅಂತ ಹೊಡದು ಫ್ಲಾಪಿ ಬಿಟ್ಟು ಹೊರಗ ಬಾ. ಆಮ್ಯಾಲೆ ಬಿಚ್ಚು."

ಬಿಚ್ಚಿತು. ಎರಡೇ ಅಕ್ಷರದ ಆ ಕಮಾಂಡನ್ನು ವಹಿಯಲ್ಲಿ ಬರೆದುಕೊಳ್ಳಲಿಲ್ಲ. ಮುಂದಿನ ಶನಿವಾರ ಮತ್ತೆ ಅದೇ ಆಯಿತು, ಮರೆತಿದ್ದೆ. ಸಂಜೆ ಮನೆಯಲ್ಲಿ, ಪಕ್ಕದ ಖೋಲಿಯವರು ಕೂತಿದ್ದಾಗ ಕೇಳಿದೆ. ಎರಡು ಲೋಕಲ್ ಬಿಟ್ಟು ಮೂರನೆಯದರಲ್ಲಿ ನಿಂತು ಬಂದ ತಂಗಿ ಸಿಡುಕಿದಳು: "ಹೋದ ವಾರನ ಹೇಳೀನಿ. ವಹಿಯಾಗ ಬರಕೋ ಅಂದ್ರ ಬರಕೊಳ್ಳಂಗಿಲ್ಲ. ನಿನಗೂ ಆ ಕಾರ್ಯದರ್ಶಿ ಅಜ್ಜಗೂ ಏನ್ ಫರಕ್ ಐತಿ?"

ಪಕ್ಕದವರು ನಕ್ಕರು. ಅವಳು ಉತ್ತರವನ್ನು ಮತ್ತೊಮ್ಮೆ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ, ಬೇಕೆಂದೇ ಕೇಳಿಸಿಕೊಳ್ಳಲಿಲ್ಲ. ನನ್ನ ಕೈಯಿಂದ ಅನ್ನ ತಿಂದವಳು ನಾಲ್ಕು ಜನರ ಮುಂದೆ ನನಗೆ ಹೀಗೆ ಹೇಳುವುದೇ ಎಂಬುದಷ್ಟೇ ಕಿವಿಯಲ್ಲಿ ಉಳಿಯಿತು. ಇನ್ನು ಇವಳನ್ನು ಕೇಳುವುದಿಲ್ಲ ಎಂದು ನಿಶ್ಚಯ ಮಾಡಿದೆ.

ಅದರ ಮುಂದಿನ ಶನಿವಾರದಿಂದ, ಬಿಜಿ ಎಂದರೆ ಬಿಜಿಯೇ ಇರಲಿ ಎಂದು ಗುಂಡಿ ಒತ್ತಿ ಫ್ಲಾಪಿಯನ್ನು ಎಳೆಯತೊಡಗಿದೆ. ಕೊಂಡಿ ಬಿಚ್ಚದೆಯೇ ಎರಡನೆಯದನ್ನು ತುರುಕಿ, ಅದಕ್ಕೂ ನಕಲು ಮಾಡು ಎನ್ನುತ್ತಿದ್ದೆ. ಯಂತ್ರ ಬೇಡವೆನ್ನುತ್ತಿರಲಿಲ್ಲ. ಪಟ್ಟಿ ತೋರಿಸು ಎಂದರೆ ತೋರಿಸುತ್ತಿತ್ತು. ಅದು ಫ್ಲಾಪಿಯನ್ನು ನೋಡಿ ಹೇಳುತ್ತಿಲ್ಲ, ತನ್ನ ನೆನಪಿನಿಂದ ಹೇಳುತ್ತಿದೆ ಎಂದು ಕೆಂಪು ಶಾಯಿಯ ಸಾಲು ಓದಿದವಳಿಗೆ ಹೊಳೆಯಬೇಕಿತ್ತು. ನಡುವೆ ಪರದೆಯ ಮೇಲೆ ಒಂದೆರಡು ಇಂಗ್ಲಿಷ್ ಸಾಲು ಬೀಳುತ್ತಿದ್ದವು. ಕ್ಲಿಯರ್ ಎಂದು ಹೊಡೆದು ಒರೆಸಿಬಿಡುತ್ತಿದ್ದೆ. ಆಮೇಲೆ ಫ್ಲಾಪಿಯ ಮೇಲೆ ಅಂದವಾಗಿ ದಿನಾಂಕ ಬರೆದು, ವಹಿಯ ನಾಲ್ಕೂ ಚೌಕಕ್ಕೆ ಟಿಕ್ಕು. ಟಿಕ್ಕು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಹನ್ನೊಂದನೆಯ ಶನಿವಾರದ ಮರುವಾರ ಕಂಪ್ಯೂಟರಿನ ಒಳಗಿನ ಡಿಸ್ಕ್ ಕೆಟ್ಟಿತು. ಕಟಕಟ ಸದ್ದು ಮಾಡಿ ನಿಂತುಹೋಯಿತು. ತಂಗಿ ಬಂದಳು, ನೋಡಿದಳು, ಗಾಬರಿಯಾಗಲಿಲ್ಲ.

"ಹಳೇ ಡಿಸ್ಕು, ಎಂದರ ಒಂದಿನ ಹೋಗೂದ. ಅದಕ್ಕ ಅಲ್ಲೇನು ನಕಲು ತಗೊಂಡಿದ್ದು? ಬೈಕುಲ್ಲಾದಾಗ ಒಂದು ಸೆಕೆಂಡ್‌ಹ್ಯಾಂಡ್ ಡಿಸ್ಕ್ ತರ್ತೀನಿ. ರವಿವಾರದೊಳಗ ಎಲ್ಲಾ ಮೊದಲಿನಂಗ."

ಡಿಸ್ಕ್ ತಂದಳು. ಎಲ್ಲವನ್ನೂ ಮತ್ತೆ ಹಾಕಿದಳು. ಬೀರುವಿನ ಫ್ಲಾಪಿ ಹಾಕಿದಳು: ಒಳಗೆ ಪಟ್ಟಿಯ ಹೆಸರಷ್ಟೇ ಇತ್ತು, ಅದರ ಹಿಂದೆ ಓದಲಾಗದ ಕಸ. ಮನೆಯ ಫ್ಲಾಪಿ ಹಾಕಿದಳು: ಅದನ್ನು ಯಂತ್ರ ಗುರುತೇ ಹಿಡಿಯಲಿಲ್ಲ. ತಂಗಿ ವಹಿ ತೆಗೆದು ಟಿಕ್ಕುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ನೋಡಿದಳು.

"ಅಕ್ಕಾ, ಪ್ರತಿ ಸಲ ಬಿಚ್ಚಿದ್ದಿಲ್ಲ?"

"ಬಿಚ್ಚೀನಿ."

"ಬಿಜಿ ಅಂದಾಗ?"

"ನೀ ಹೇಳಿದಂಗ ಮಾಡೀನಿ. ಟಿಕ್ಕು ಕಾಣಂಗಿಲ್ಲೇನು?"

ಅವಳು ತಲೆಯಾಡಿಸಿದಳು. ನನ್ನ ಮಾತಿನ ಮೇಲೆ ಅನುಮಾನ ಪಡುವುದು ಅವಳಿಗೆ ಗೊತ್ತಿರಲಿಲ್ಲ.

ಕಮಿಟಿಯವರು ಸೇರಿದರು. ಎಂಟು ತಿಂಗಳ ಹೊಸ ಹೆಸರು, ಬದಲಾದ ನಂಬರು ಎಲ್ಲ ಹೋಗಿದ್ದವು. ಉಳಿದದ್ದು ಬೀರುವಿನ ತಳದ ಹಳೆಯ ರಿಜಿಸ್ಟರು. ಕಾರ್ಯದರ್ಶಿಯವರು ನನ್ನ ಕಡೆ ತಿರುಗಿ, ನಕಲು ತೆಗೆಯುತ್ತಿದ್ದವರು ಇವರಲ್ಲವೇ ಎಂದರು. ಖಜಾಂಚಿ ಬಾಯಿ ಕನಿಕರದಿಂದ, "ಅವಳಿಗೆ ಎಂಥ ಗೊತ್ತುಂಟು ಮಾರಾಯ್ರೆ, ಏಳನೇ ಕ್ಲಾಸು, ಪಾಪ" ಎಂದರು. ನಾನು ತಲೆ ತಗ್ಗಿಸಿದೆ. ಆ ಮಾತಿನ ಅಡಿಯಲ್ಲಿ ಸೇರಿಕೊಂಡೆ. ಅಷ್ಟು ದಿನ ಏಳನೇ ಇಯತ್ತೆಯೆಂದರೆ ಸಿಟ್ಟಿಗೇಳುತ್ತಿದ್ದವಳು, ಬೇಕಾದಾಗ ಅದನ್ನೇ ಕೊಡೆಯಂತೆ ಹಿಡಿದೆ. ತಂಗಿ ಎದ್ದು ನಿಂತು, "ಅಕ್ಕ ಎಲ್ಲಾ ಸರಿ ಮಾಡ್ಯಾಳ. ತಪ್ಪು ನಾ ಹಾಕಿದ ಸಿಸ್ಟಮ್ದು. ಅಂದ್ರ ನಂದು" ಎಂದಳು. ತಪ್ಪು ಎಲ್ಲಿದೆಯೆಂದು ಹುಡುಕಿ, ಬರೆದು ಕೊಡುತ್ತೇನೆ ಎಂದು ತಿಂಗಳ ಅವಧಿ ಕೇಳಿದಳು.

ಆ ತಿಂಗಳನ್ನು ನಾನು ಮರೆತಿಲ್ಲ, ಮರೆಯಬಾರದು. ಲಿನಕ್ಸನ್ನು ಹೇಗೆ ಮಾಡಿದ್ದಾರೆಂಬುದನ್ನೂ ಜೊತೆಗೇ ಕೊಡುತ್ತಾರೆ ಎಂದು ತಂಗಿ ಹೇಳಿದ್ದಳಲ್ಲ, ಅದರಲ್ಲಿ ಫ್ಲಾಪಿಗೆ ಸಂಬಂಧಪಟ್ಟ ಭಾಗವನ್ನೆಲ್ಲ ಅವಳು ಆಫೀಸಿನಲ್ಲಿ ಪ್ರಿಂಟ್ ತೆಗೆದಳು. ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಕಾಗದ, ಮಡಿಕೆ ಮಡಿಕೆ. ಲೋಕಲಿನಲ್ಲಿ ನಿಂತೇ ಓದುತ್ತಿದ್ದಳು. ಭಾನುವಾರ ಚಾಳಿನ ಗ್ಯಾಲರಿಯಲ್ಲಿ ಹಾಸಿಕೊಂಡು, ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾ, ಮತ್ತೆ ಅಳಿಸುತ್ತಾ ಕೂರುತ್ತಿದ್ದಳು. ಸಂಘಕ್ಕೆ ಬಂದು ಫ್ಲಾಪಿ ಹಾಕಿ, ನಕಲು ಮಾಡಿ, ಬಿಚ್ಚಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದಳು. ಪ್ರತಿ ಸಲವೂ ಸರಿಯಾಗಿಯೇ ಬರುತ್ತಿತ್ತು.

"ನನ್ನ ಕೈಯಾಗ ಆ ತಪ್ಪು ಬರಾಕ ಒಲ್ಲದು ಅಕ್ಕಾ. ಎಲ್ಲೋ ಐತಿ. ನನಗ ಕಾಣವಲ್ದು. ನನಗ ಇದು ತಿಳಿಯಂಗಿಲ್ಲೋ ಏನೋ."

ಇಲ್ಲದ ತಪ್ಪನ್ನು ಅವಳು ಸಾವಿರಾರು ಸಾಲುಗಳಲ್ಲಿ ಹುಡುಕುತ್ತಿದ್ದಳು. ಅದು ಅವಳ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿತ್ತು.

ನಾನು ಸುಮ್ಮನೆ ಕೂರಲಿಲ್ಲ ಎಂದು ಹೇಳಿಕೊಳ್ಳಬಹುದು. ಸಂಜೆಗಳಲ್ಲಿ ಸಯನ್, ಮಾಟುಂಗಾ, ಕುರ್ಲಾದ ಬಿಲ್ಡಿಂಗುಗಳ ಮೆಟ್ಟಿಲು ಹತ್ತಿ, ನೆನಪಿದ್ದ ಹೆಸರುಗಳನ್ನೆಲ್ಲ ಮತ್ತೆ ಬರೆದುಕೊಂಡು ಬಂದೆ. ಪಟ್ಟಿ ಮುಕ್ಕಾಲು ತುಂಬಿತು. ಅದರಿಂದ ನನ್ನ ಕಾಲು ನೋವಾಯಿತು, ಅಷ್ಟೇ. ಮಾಡಬೇಕಾದದ್ದನ್ನು ಮಾಡದೆ ಬೇರೆ ಏನು ಮಾಡಿದರೂ ಅದು ತಪ್ಪಿಸಿಕೊಳ್ಳುವುದೇ.

ಒಂದು ದಿನ ಅವ್ವನ ಹತ್ತಿರ ಎಲ್ಲ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಆದದ್ದಾತು. ದೊಡ್ಡಾಕಿ ಸಣ್ಣಾಕಿ ಮುಂದ ತಪ್ಪಾತು ಅನ್ನಬಾರದು. ಮನ್ಯಾಗಿನ ಹಿರೇತನ ಹೋಗತದ" ಎಂದಳು. ನಮ್ಮಲ್ಲಿ ಹಾಗೇ ನಡೆದು ಬಂದಿದೆ. ಹಿರಿಯರು ತಪ್ಪು ಮಾಡಿದರೆ ಮರುದಿನ ಕಿರಿಯರಿಗೆ ಇಷ್ಟವಾದ ಅಡುಗೆ ಮಾಡುತ್ತಾರೆ, ಬಾಯಿ ತೆರೆಯುವುದಿಲ್ಲ. ನಾನು ಅವತ್ತು ಅವಳಿಗಿಷ್ಟವಾದ ಕಡಲೆಹಿಟ್ಟಿನ ಜುಣಕ ಮಾಡಿದೆ. ತಂಗಿ ಪ್ರಿಂಟಿನ ಮೇಲೆ ಕಣ್ಣಿಟ್ಟು ತಿಂದಳು, ಏನು ತಿಂದೆನೆಂದೂ ಅವಳಿಗೆ ಗೊತ್ತಾಗಲಿಲ್ಲ.

ತಿಂಗಳು ಮುಗಿಯುವ ಮುನ್ನ ಅವಳು ಎರಡು ಪತ್ರ ಬರೆದಳು. ಒಂದು ಕಮಿಟಿಗೆ: ಈ ಸಿಸ್ಟಮ್ ಇಂಥ ಕೆಲಸಕ್ಕೆ ನಂಬತಕ್ಕದ್ದಲ್ಲ, ಬೇರೆ ಸಂಘಗಳೂ ಬಳಸದಿರುವುದು ಒಳ್ಳೆಯದು, ನಾನು ಈ ಕೆಲಸದಿಂದ ಹಿಂದೆ ಸರಿಯುತ್ತೇನೆ. ಇನ್ನೊಂದು ಇಂಗ್ಲಿಷಿನಲ್ಲಿ, ಪರದೇಶದಲ್ಲಿ ಇದನ್ನು ಮಾಡಿದವರಿಗೆ: ನಿಮ್ಮಲ್ಲಿ ತಪ್ಪಿದೆ. ಸೋಮವಾರ ಆಫೀಸಿನವರ ಮೂಲಕ ಅದನ್ನು ಕಳಿಸುವವಳಿದ್ದಳು. ಭಾನುವಾರ ಕಮಿಟಿ. ಒಮ್ಮೆ ಆ ಪತ್ರಗಳು ಹೋದರೆ, ತನ್ನ ಕೆಲಸ ತನಗೆ ಬಾರದೆಂದು ತಂಗಿ ತಾನೇ ಬರೆದು ಊರಿಗೆಲ್ಲ ಸಾರಿದಂತೆ.

ಆ ವಾರ ಮಧ್ಯಾಹ್ನಗಳಲ್ಲಿ, ಕೋಣೆಯಲ್ಲಿ ಯಾರೂ ಇಲ್ಲದಾಗ, ನಾನು ಯಂತ್ರದ ಮುಂದೆ ಕೂತೆ. ಹೊಸ ಫ್ಲಾಪಿ ಹಾಕಿದೆ. ಸರಿಯಾಗಿ ಬಿಚ್ಚಿ ತೆಗೆದೆ, ಮತ್ತೆ ಹಾಕಿದೆ: ಇತ್ತು. ಒಳಗೆ ಹೋಗಿ, ಬಿಚ್ಚದೆ ಎಳೆದು, ಯಂತ್ರ ಆರಿಸಿ ಹಚ್ಚಿ ನೋಡಿದೆ: ಇರಲಿಲ್ಲ. ಒಂದು ಸಲ ಮಾಡಿದರೆ ಅದೃಷ್ಟವೆಂದಾರು. ಮೂರು ಮಧ್ಯಾಹ್ನ, ಮೂರು ಸಲ ಹಾಗೆ, ಮೂರು ಸಲ ಹೀಗೆ ಮಾಡಿದೆ. ಪ್ರತಿಯೊಂದನ್ನೂ ಬರೆದಿಟ್ಟೆ. ಇಷ್ಟೆಲ್ಲ ಓದಿದ ನನ್ನ ತಂಗಿಗೆ ಕಾಣದ್ದನ್ನು ನಾನು ತೋರಿಸಬಲ್ಲವಳಾಗಿದ್ದೆ. ಕಾರಣ ಇಷ್ಟೇ, ತಪ್ಪು ಮಾಡುವುದು ಹೇಗೆಂದು ನನಗೊಬ್ಬಳಿಗೇ ಗೊತ್ತಿತ್ತು.

ಭಾನುವಾರ ಹತ್ತು ಗಂಟೆ. ತಂಗಿ ಪತ್ರ ಹಿಡಿದು ಎದ್ದು ನಿಂತಳು. ನಾನು ಅವಳಿಗಿಂತ ಮೊದಲು ಮಾತಾಡಿದೆ.

"ಸರ್, ಆ ಪತ್ರ ಓದಸಬ್ಯಾಡ್ರಿ. ಮೊದಲ ನನ್ನ ಮಾತು ಕೇಳ್ರಿ."

"ಮೊದಲು ಚಹಾ ಆಗ್ಲಿ ಬಿಡಮ್ಮ, ಆಮೇಲೆ..."

"ಚಹಾ ಇವತ್ತ ಇಲ್ಲ ಸರ್."

ನಾನು ಕುರ್ಚಿ ಎಳೆದು ಕೂತೆ. ಎಲ್ಲರ ಮುಂದೆ ಫ್ಲಾಪಿ ಹಾಕಿದೆ, ಕೊಂಡಿ ಹಾಕಿದೆ, ನಕಲು ಮಾಡಿದೆ, ಒಳಗೆ ಹೋದೆ, ಬಿಚ್ಚು ಎಂದೆ. ಬಿಜಿ ಎಂದಿತು. ಹಾಗೇ ಎಳೆದೆ. ಯಂತ್ರ ಆರಿಸಿ ಮತ್ತೆ ಹಚ್ಚಿದೆ. ಫ್ಲಾಪಿ ಹಾಕಿ ತೋರಿಸಿದೆ: ಖಾಲಿ. ಆಮೇಲೆ ಮತ್ತೆ ನಕಲು ಮಾಡಿ, ಒಳಗೆ ಹೋಗಿ ನೋಡಿ, ಸಿಡಿ ಹೊಡೆದು ಹೊರಗೆ ಬಂದು, ಬಿಚ್ಚಿ, ತೆಗೆದು, ಮತ್ತೆ ಹಾಕಿದೆ. ಹೆಸರುಗಳು ಒಂದರ ಕೆಳಗೊಂದು ಇಳಿದು ಬಂದವು.

"ಮೊದಲ ಮಾಡಿದ್ದು ನಾನು. ಹನ್ನೊಂದು ವಾರ. ಎರಡನೇದು ವಹಿಯಾಗ ಬರದದ್ದು. ಸಿಸ್ಟಮ್ ಸರಿ ಐತಿ, ಹಾಕಿದಾಕಿನೂ ಸರಿ ಅದಾಳ."

ಖಜಾಂಚಿ ಬಾಯಿ ಮತ್ತೆ ಕನಿಕರಕ್ಕೆ ಬಂದರು. "ಅಯ್ಯೋ, ಗೊತ್ತಿಲ್ಲದೆ ಆದದ್ದಲ್ವಾ..."

"ಗೊತ್ತಿದ್ದ ಮಾಡೀನ್ರಿ ಬಾಯಿ. ಏಳನೇತ್ತ ಅಂತ ಮಾಫಿ ಕೊಡಬ್ಯಾಡ್ರಿ. ಏಳನೇತ್ತ ಓದಿದಾಕಿನ ಈಗ ನಿಮಗ ಮಾ‌ಡಿ ತೋರಿಸಿದ್ದು. ಕೆಲಸದಿಂದ ತಗೀತೀರಿ ಅಂದ್ರ ತಗೀರಿ. ಆದ್ರ ಈ ಯಂತ್ರಾನ ತಗೀಬ್ಯಾಡ್ರಿ."

ಕಾರ್ಯದರ್ಶಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅವರ ಉತ್ತರಕ್ಕೆ ಕಾಯಲಿಲ್ಲ, ನನಗೆ ಬೇಕಾದದ್ದು ಅವರ ಉತ್ತರವಾಗಿರಲಿಲ್ಲ. ತಂಗಿ ಪತ್ರವನ್ನು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಅವಳ ಹಕ್ಕಿನ ಸಿಟ್ಟು.

"ಎಷ್ಟ್ ಹಾಳಿ ಓದೀನಿ ಗೊತ್ತೈತೇನು ಅಕ್ಕಾ ನಿನಗ?" ಎಂದಳು. "ನನಗ ಬುದ್ಧಿ ಇಲ್ಲ ಅಂತ ತಿಳಕೊಂಡಿದ್ದೆ. ನೀ ಬಾಜೂಕ ಕುಂತು ನೋಡಾಕತ್ತಿದ್ದಿ."

ಕುರ್ಚಿಯಿಂದ ಎದ್ದೆ. ಹದಿನೇಳು ಜನ ಕೂತಿದ್ದರು. ಅವರೆಲ್ಲ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ:

"ನೋಡಾಕತ್ತಿದ್ದೆ. ನಿನ್ನ ಕೇಳಾಕ ನನಗ ನಾಚಿಕಿ ಆತು, ಅದಕ್ಕ ಕೆಡಸಿದೆ. ಒಪ್ಪಿಕೊಳ್ಳಾಕ ಅಂಜಿಕಿ ಆತು, ಅದಕ್ಕ ನಿನ್ನ ಮ್ಯಾಲೆ ಹಾಕಿದೆ. ನೀ ಸಣ್ಣಾಕಿ, ನಾ ದೊಡ್ಡಾಕಿ. ಆದ್ರೂ ಹೇಳ್ತೀನಿ. ತಪ್ಪು ನಂದು, ನಂದಷ್ಟ. ನನ್ನ ಕ್ಷಮಾ ಮಾಡು, ತಂಗಿ."